ಆರು ಗುಂಡಿನ ಲೆಕ್ಕ

ಚಲನಚಿತ್ರದ ಖಳನಾಯಕನು ರಿವಾಲ್ವರನ್ನು ಹೊರತೆಗೆದನೆಂದರೆ ಪ್ರೇಕ್ಷಕರು ಉಸಿರು ಬಿಗಿಹಿಡಿಯುತ್ತಾರೆ. ಗುಂಡುಗಳನ್ನು ಎಣಿಸುವವರು ಮಾತ್ರ ವಿರಳ. ಒಮ್ಮೆ ಎಣಿಸಿ ನೋಡಿದರೆ ಬಲು ಸ್ವಾರಸ್ಯವುಂಟು. ಬಂಡೆಯ ಮರೆಯಿಂದ ಎರಡು, ಓಡುತ್ತಿರುವ ಮೋಟಾರಿನಿಂದ ನಾಲ್ಕು, ಮಹಡಿಯ ಮೆಟ್ಟಿಲ ಮೇಲೆ ಐದು – ಒಟ್ಟು ಹನ್ನೊಂದು! ಆ ಆಯುಧದ ಹೊಟ್ಟೆ ಹಿಡಿಯುವುದಾದರೋ ಸಾಮಾನ್ಯವಾಗಿ ಆರೇ ಆರು. ದ್ರೌಪದಿಯ ಅಕ್ಷಯಪಾತ್ರೆಯು ವನವಾಸದ ತರುವಾಯ ಎಲ್ಲಿ ಹೋಯಿತೆಂದು ಪಂಡಿತರು ಚಿಂತಿಸಬೇಕಾಗಿಲ್ಲ. ಅದು ಚಿತ್ರರಂಗವನ್ನು ಸೇರಿದೆ.

ತೆರೆಯು ಮರೆಸುವುದು ಗುಂಡಿನ ಲೆಕ್ಕವೊಂದನ್ನೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಈ ವಸ್ತುವಿಗೆ ಒಂದು ಕಾಲವುಂಟು, ಒಬ್ಬ ಒಡೆಯನುಂಟು. ಅವೆರಡನ್ನೂ ಮರೆಸಿದಾಗ ನಮ್ಮ ಸೀಮೆಯ ಚರಿತ್ರೆಯ ಒಂದು ಪುಟವೇ ಮರೆಯಾಗುತ್ತದೆ.

‘ತಿರುಗುವುದು’ ಎಂಬ ಅರ್ಥದ ಇಂಗ್ಲಿಷ್ ಧಾತುವಿನಿಂದ ರಿವಾಲ್ವರ್ ಎಂಬ ಹೆಸರು ಹುಟ್ಟಿದೆ. ಗುಂಡುಗಳನ್ನು ತುಂಬುವ ಗೂಡುಗಳು ಒಂದು ಉರುಳೆಯಲ್ಲಿರುತ್ತವೆ. ಒಂದೊಂದು ಸಲ ಹಾರಿಸುವಾಗಲೂ ಉರುಳೆಯು ತಿರುಗಿ ಹೊಸ ಗೂಡನ್ನು ನಳಿಗೆಯ ನೇರಕ್ಕೆ ತಂದು ನಿಲ್ಲಿಸುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟನು ಇದಕ್ಕೆ 1836ರಲ್ಲಿ ತನ್ನ ದೇಶದ ಪೇಟೆಂಟನ್ನು ಪಡೆದನು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅವನ ರಿವಾಲ್ವರಿಗೆ ಎದುರಾಳಿಯಾಗಿ ಇಂಗ್ಲೆಂಡಿನ ರಾಬರ್ಟ್ ಆಡಮ್ಸನದು ಬಂದಿತು. ಅದನ್ನು ಸುಧಾರಿಸಿದ ಬೋಮಾಂಟ್-ಆಡಮ್ಸ್ ಎಂಬ ಐದು ಗುಂಡಿನ ಮಾದರಿಯನ್ನು ಬ್ರಿಟಿಷ್ ಸೇನೆಯು 1856ರಲ್ಲಿ ಅಂಗೀಕರಿಸಿತು.

ಇಸವಿಯನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ಮರುವರ್ಷವೇ, ಎಂದರೆ 1857ರಲ್ಲಿ, ಕಂಪನಿ ಸರಕಾರವು ನಿಶ್ಶಸ್ತ್ರೀಕರಣ ಶಾಸನವನ್ನು ತಂದಿತು. ಜನರು ತಮ್ಮಲ್ಲಿದ್ದ ಕತ್ತಿ ಕೋವಿಗಳನ್ನು ಸರಕಾರಕ್ಕೆ ಒಪ್ಪಿಸತಕ್ಕದ್ದು! ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವು ಅಲಂಕಾರವಾಗಿರಲಿಲ್ಲ. ಅದು ಅವರ ಕುಲವೃತ್ತಿ, ಅವರ ಮಾನ. ಅವರು ಒಪ್ಪಿಸಲಿಲ್ಲ. ಅದೇ ವರ್ಷದ ನವೆಂಬರ್ ತಿಂಗಳ ಕೊನೆಯಲ್ಲಿ ಸೇನೆಯು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕಿದವರಲ್ಲಿ ಹಲವರು ಗಲ್ಲಿಗೇರಿದರು. ಶಾಲೆಯಲ್ಲಿ ಆ ಲಾವಣಿಯನ್ನು ಓದಿದವರಿಗೆ ಈ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ.

ಯಲಬುರ್ಗಾದ ನಮಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ಕೊಪ್ಪಳದ ಕೋಟೆ. ಮುಂಡರಗಿ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಕಂಪನಿಯ ವಿರುದ್ಧ ದಂಗೆಯೆದ್ದು, ಕಡೆಗೆ ನಿಜಾಮನ ಸೀಮೆಯಲ್ಲಿದ್ದ ಈ ಕೋಟೆಯನ್ನು ಹಿಡಿದು ನಿಂತರು. 1858ರ ಜೂನ್ 1ರಂದು ಕೋಟೆಯು ಬಿದ್ದಿತು; ಇಬ್ಬರೂ ಅಲ್ಲಿಯೇ ಮಡಿದರು. ಆಂಗ್ಲ ಅಧಿಕಾರಿಯ ಸೊಂಟಕ್ಕೆ ರಿವಾಲ್ವರು ಬಂದ ಕಾಲವೂ ನಮ್ಮವರ ಮನೆಯ ಗೂಟದಿಂದ ಕೋವಿಯು ಕೆಳಗಿಳಿದ ಕಾಲವೂ ಒಂದೇ ಎಂಬುದು ಇದರಿಂದ ವೇದ್ಯವಾಗುತ್ತದೆ.

1878ರ ಶಸ್ತ್ರಾಸ್ತ್ರ ಶಾಸನವು ಈ ವ್ಯವಸ್ಥೆಯನ್ನು ಭದ್ರಪಡಿಸಿತು. ಭಾರತೀಯನು ಆಯುಧವನ್ನಿಟ್ಟುಕೊಳ್ಳಲು ಪರವಾನಿಗೆ ಬೇಕು, ಐರೋಪ್ಯನಿಗೆ ವಿನಾಯಿತಿ. ಒಂಬತ್ತು ವರ್ಷಗಳ ಬಳಿಕ, 1887ರಲ್ಲಿ, ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ ಆರು ಗುಂಡಿನ ರಿವಾಲ್ವರು ಬ್ರಿಟಿಷ್ ಸೇನೆಯ ಅಧಿಕೃತ ಆಯುಧವಾಯಿತು. ಅದರ ರಚನೆಯು ಚಮತ್ಕಾರವಾದದ್ದು. ಹೆಬ್ಬೆರಳಿನಿಂದ ಅಗುಳಿಯನ್ನೊತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ನಕ್ಷತ್ರಾಕಾರದ ತಟ್ಟೆಯೊಂದು ಮೇಲೆದ್ದು ಆರು ಖಾಲಿ ತೋಟಾಗಳನ್ನೂ ಒಮ್ಮೆಗೇ ಹೊರಕ್ಕೆಸೆಯುತ್ತದೆ. ಹಿಡಿಯ ಬುಡದಲ್ಲೊಂದು ಉಂಗುರ. ಕೈಜಾರಿದರೂ ಕಳೆದುಹೋಗದಂತೆ ಅದಕ್ಕೊಂದು ಹುರಿ. 1915ರ ಆರನೆಯ ಮಾದರಿಯ ನಳಿಗೆ ಆರು ಅಂಗುಲ, ತೂಕ ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು. 1932ರಲ್ಲಿ ಅದರ ಸ್ಥಾನಕ್ಕೆ ಎನ್‌ಫೀಲ್ಡಿನ ಕಿರಿದಾದ 0.38 ಅಂಗುಲದ ರಿವಾಲ್ವರು ಬಂದಿತು.

ಇನ್ನು ತೆರೆಯ ಕಡೆಗೆ ನೋಡೋಣ. 1964ರ ‘ಜುಲು’ ಎಂಬ ಪ್ರಖ್ಯಾತ ಆಂಗ್ಲ ಚಿತ್ರವು 1879ರ ಜನವರಿಯಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆದ ರೋರ್ಕ್ಸ್ ಡ್ರಿಫ್ಟ್ ಕಾಳಗವನ್ನು ಚಿತ್ರಿಸುತ್ತದೆ. ಅದರಲ್ಲಿ ಅಧಿಕಾರಿಗಳ ಕೈಯಲ್ಲಿರುವುದು ವೆಬ್ಲಿಯ ಆರನೆಯ ಮಾದರಿ! ಮೂವತ್ತಾರು ವರ್ಷಗಳಾಚೆ ಹುಟ್ಟಲಿರುವ ಆಯುಧದಿಂದ ಅವರು ಯುದ್ಧವನ್ನು ಗೆಲ್ಲುತ್ತಾರೆ. ಮೊಮ್ಮಗನು ಅಜ್ಜನ ಮದುವೆಗೆ ಓಲಗ ಊದಿದಂತಾಯಿತು.

ಇದಕ್ಕೆ ಪ್ರತಿಯಾಗಿ 1962ರ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರವನ್ನು ನೋಡಿರಿ. ಲಾರೆನ್ಸನು ತನ್ನ ಮಾರ್ಗದರ್ಶಿಗೆ ರಿವಾಲ್ವರನ್ನು ಕಾಣಿಕೆಯಾಗಿ ಕೊಡುತ್ತಾನೆ. ಬಾವಿಯ ಬಳಿ ಅದಕ್ಕೆ ಕೈಹಾಕಿದಾಗಲೇ ಆ ಮಾರ್ಗದರ್ಶಿಯು ಹತನಾಗುತ್ತಾನೆ. ಮುಂದೆ, ಮರಳುಗಾಡಿನಿಂದ ತಾನೇ ಬದುಕಿಸಿ ತಂದ ಮನುಷ್ಯನನ್ನು ಲಾರೆನ್ಸನು ತನ್ನ ಕೈಯಾರೆ ಗುಂಡಿಟ್ಟು ಕೊಲ್ಲಬೇಕಾಗುತ್ತದೆ. ಕೊಂದವನು ಆಯುಧವನ್ನು ಎಸೆದುಬಿಡುತ್ತಾನೆ. ಸುತ್ತ ನಿಂತವರು ಅದಕ್ಕಾಗಿ ಮುಗಿಬೀಳುತ್ತಾರೆ. ಎಸೆದವನ ಸಂಕಟವೂ ಬಾಚಿಕೊಳ್ಳುವವರ ಆಸೆಯೂ ಒಂದೇ ಚಿತ್ರದಲ್ಲಿ ಮೂಡಿವೆ. ಆಯುಧದ ತೂಕವನ್ನು ಅರಿತ ನಿರ್ದೇಶಕನಿಗೆ ಮಾತ್ರ ಇದು ಸಾಧ್ಯ.

ಕನ್ನಡದಲ್ಲಿ ಕೈಬಂದೂಕದ ಮೋಹವನ್ನು ಮನೆಮನೆಗೆ ತಂದದ್ದು ದೊರೈ-ಭಗವಾನರ ‘ಜೇಡರ ಬಲೆ’. 1968ರ ಆ ಚಿತ್ರದಲ್ಲಿ ರಾಜಕುಮಾರರು ಸಿ.ಐ.ಡಿ. 999 ಆಗಿ ಮೆರೆದರು; ಬೆನ್ನಿಗೇ ಅದೇ ಪಾತ್ರದ ಇನ್ನಷ್ಟು ಚಿತ್ರಗಳು ಬಂದವು. ಅದೊಂದು ಸೊಗಸಾದ ಆಟ. ಆಟವೆಂದೇ ನಾವು ಅದನ್ನು ಸವಿದೆವು. 1990ರ ‘ಮುತ್ತಿನ ಹಾರ’ದ ದಾರಿ ಬೇರೆ. ರಾಜೇಂದ್ರಸಿಂಗ್ ಬಾಬು ಅವರು ಅಲ್ಲಿ ಕೊಡಗಿನ ಯೋಧನೊಬ್ಬನ ಬಾಳನ್ನು ಕಂಡರಿಸಿ, ಆಯುಧಧಾರಿಯ ಮನೆಯವರು ತೆರುವ ಬೆಲೆಯನ್ನು ಮುಂದಿಟ್ಟರು. ಕೋವಿಯನ್ನು ಪೂಜಿಸುವ ಕೊಡವರಿಗೆ ಪರವಾನಿಗೆಯ ನಿಯಮದಿಂದ ಇಂದಿಗೂ ವಿನಾಯಿತಿಯುಂಟು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಶಾಸನವು ಪರವಾನಿಗೆಯನ್ನು ಉಳಿಸಿತು. ಬಟ್ಟೆಯ ಮರೆಯಲ್ಲಿ ಅಡಗಬಲ್ಲ ಆಯುಧಕ್ಕೆ ಒಂದು ಲೆಕ್ಕವಿರಬೇಕೆಂಬ ವಿವೇಕವು ಇದರಲ್ಲಿದೆ.

ಕೋವಿಯನ್ನು ಕೊಡಲೊಲ್ಲದೆ ಮಡಿದವರ ನಾಡಿನಲ್ಲಿ ಪರವಾನಿಗೆಯನ್ನು ಹೊಗಳುವುದೇ ಎಂದು ವಾಚಕರು ಕೇಳಬಹುದು. ಹಲಗಲಿಯವರನ್ನು ಆಳುವವರು ಪರಕೀಯರು. ಕಸಿದ ಕೈಗೆ ಅವರು ಉತ್ತರ ಕೇಳುವಂತಿರಲಿಲ್ಲ. ಇಂದು ನಿಯಮವನ್ನು ಮಾಡುವವರು ನಾವು ಆರಿಸಿದವರು, ಅವರನ್ನು ನಾವು ಪ್ರಶ್ನಿಸಬಲ್ಲೆವು. ಪ್ರಶ್ನಿಸುವ ಈ ಹಕ್ಕು ನಮ್ಮ ಕೈಸೇರುವ ಮುನ್ನ ಎಷ್ಟೋ ಜನ ಬಂದೂಕದ ಎದುರಿಗೆ ನಿಲ್ಲಬೇಕಾಯಿತು.

ಆದುದರಿಂದ ದೀಪಾವಳಿಯಲ್ಲಿ ಮಗುವು ಪಟಾಕಿಯ ಪಿಸ್ತೂಲನ್ನು ಹಿಡಿದು ‘ಢಂ’ ಎಂದರೆ ಗದರಿಸಬೇಡಿರಿ, ಆಡಲಿ. ಮನೆಮಂದಿಯೆಲ್ಲ ಕೂಡಿ ಚಿತ್ರವನ್ನು ನೋಡುವಾಗ ಮಾತ್ರ ಗುಂಡುಗಳನ್ನು ಎಣಿಸಲು ಅದಕ್ಕೆ ಹೇಳಿಕೊಡಿರಿ. ಏಳನೆಯದು ಹಾರಿದಾಗ ಮಗುವು ನಗುತ್ತದೆ. ಆ ನಗೆ ನಿಂತ ಮೇಲೆ ಕೊಪ್ಪಳದ ಕೋಟೆಯ ಕಥೆಯನ್ನು ತೆಗೆಯಿರಿ, ಕಿವಿಗೊಟ್ಟು ಕೇಳುತ್ತದೆ.