ಹಿಟ್ಟಿನ ಕೋಳಿಯ ಕೂಗು

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಕುರಿತು ಮಾತನಾಡುವಾಗ ನಾವು ಹೆಚ್ಚಾಗಿ ಅಮೃತಮತಿಯಲ್ಲಿಯೇ ನಿಂತುಬಿಡುತ್ತೇವೆ. ಅರಸನನ್ನು ಬಿಟ್ಟು ಕುರೂಪಿ ಮಾವುತನಿಗೆ ಮನಸೋತವಳು, ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು. ಕಥೆಯ ಸಾರ ಇಷ್ಟೇ ಎಂದು ತೀರ್ಮಾನಿಸುತ್ತೇವೆ. ಆದರೆ ಕಾವ್ಯದ ಅರ್ಥವನ್ನು ಅರಸುವವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಕಥೆಯನ್ನು ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಹೇಳುತ್ತಿದ್ದಾರೆ?

ಹೇಳುವವನು ಅಭಯರುಚಿ. ಸೋದರಿ ಅಭಯಮತಿಯೊಡನೆ ಅವನನ್ನು ಚಂಡಮಾರಿಯ ಗುಡಿಗೆ ಬಲಿಗಾಗಿ ಹಿಡಿದು ತಂದಿದ್ದಾರೆ. ಕೇಳುವವನು ಆ ಬಲಿಗೆ ಸಿದ್ಧನಾಗಿ ನಿಂತ ಅರಸ ಮಾರಿದತ್ತ. ರಾಣಿಯ ಶೀಲಭಂಗವೇ ಕಥೆಯ ತಿರುಳಾಗಿದ್ದರೆ, ಅದನ್ನು ಅವನಿಗೆ ಆ ಗಳಿಗೆಯಲ್ಲಿ ಹೇಳುವ ಪ್ರಯೋಜನವೇನು?

ಯಶೋಧರನು ತಾನು ಕಂಡದ್ದನ್ನು ತಾಯಿಗೆ ನೇರವಾಗಿ ಹೇಳದೆ ಕನಸೆಂದು ಮರೆಮಾಚಿದ. ದೋಷಪರಿಹಾರಕ್ಕೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿದಳು. ಜೀವಹಿಂಸೆಗೆ ಒಪ್ಪದ ಮಗ ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪಿದ. ಕಡಿದಾಗ ಆ ಹಿಟ್ಟು ಕೂಗಿತು! ಕೋಳಿಗೆ ಜೀವವಿರಲಿಲ್ಲ; ಕಡಿಯುವ ಸಂಕಲ್ಪಕ್ಕೆ ಜೀವವಿತ್ತು. ತಾಯಿ-ಮಗ ನಾಯಿ-ನವಿಲುಗಳಾಗಿ, ಕೊನೆಗೆ ಕೋಳಿಗಳಾಗಿಯೂ ಹುಟ್ಟಿ ಸತ್ತರು. ಆ ಜೀವಗಳೇ ಈಗ ಅಭಯರುಚಿ, ಅಭಯಮತಿ. ಹಿಟ್ಟನ್ನು ಕಡಿದವರಿಗೇ ಈ ಪಾಡಾದರೆ ಮನುಷ್ಯರನ್ನು ಕಡಿಯಹೊರಟವನ ಗತಿಯೇನು? ಇದನ್ನು ಮಾರಿದತ್ತ ಅರಿತ, ಹಿಂಸೆಯನ್ನು ತೊರೆದ.

ಹಿಟ್ಟಿಗೆ ಇಷ್ಟು ಕಠಿಣ ಶಿಕ್ಷೆಯೇ ಎಂಬ ಆಕ್ಷೇಪ ಸಹಜ. ಜೈನ ದರ್ಶನದಲ್ಲಿ ಶಿಕ್ಷೆ ವಿಧಿಸುವ ದೇವರಿಲ್ಲ. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆಯಿಂದ ಕರ್ಮಬಂಧವಾಗುತ್ತದೆ; ಅದು ಪಕ್ವವಾದಾಗ ಫಲ ಕೊಡುತ್ತದೆ.

ಈ ಕಥೆ ನಮ್ಮ ಭಾಗಕ್ಕೆ ದೂರದ್ದಲ್ಲ. ಮಳಖೇಡದ ರಾಷ್ಟ್ರಕೂಟರ ಕಾಲದಲ್ಲಿಯೇ, 959ರಲ್ಲಿ, ಸೋಮದೇವಸೂರಿಯು ಇದನ್ನು ಸಂಸ್ಕೃತದಲ್ಲಿ ‘ಯಶಸ್ತಿಲಕ ಚಂಪೂ’ವಾಗಿ ರಚಿಸಿದನು. ಗಿರೀಶ ಕಾರ್ನಾಡರು ಇದನ್ನೇ ನಾಟಕವಾಗಿಸಿ 1980ರಲ್ಲಿ ಪ್ರಕಟಿಸಿದಾಗ ಇಟ್ಟ ಹೆಸರು ‘ಹಿಟ್ಟಿನ ಹುಂಜ’. ಅವರಿಗೂ ಕಥೆಯ ನಡುಗಂಬ ಹುಂಜವೇ ಆಗಿ ಕಂಡಿತು.

ಅಮೃತಮತಿ ನಿರ್ದೋಷಿಯೆಂದು ನಾನು ವಾದಿಸುತ್ತಿಲ್ಲ. ಅವಳ ಪಾಪವನ್ನು ತೂಗುತ್ತ ಕುಳಿತರೆ ನಮ್ಮದು ಮರೆತುಹೋಗುತ್ತದೆ ಎಂಬುದಷ್ಟೇ ನನ್ನ ಮಾತು. ನಾವು ಮಾಂಸ ಮುಟ್ಟುವುದಿಲ್ಲ, ಸೂರ್ಯಾಸ್ತಕ್ಕೆ ಮೊದಲೇ ಉಣ್ಣುತ್ತೇವೆ, ನೀರನ್ನು ಸೋಸಿ ಕುಡಿಯುತ್ತೇವೆ. ಹೀಗಿದ್ದೂ ಹೊಲದ ಬದುವಿನ ಜಗಳದಲ್ಲಿ ದಾಯಾದಿಯ ಕೇಡನ್ನು ಬಯಸಿದರೆ, ಅಲ್ಲಿ ಹಿಟ್ಟಿನ ಕೋಳಿಯೊಂದು ಕೂಗಿದಂತೆಯೇ. ಪ್ರತಿಕ್ರಮಣಕ್ಕೆ ಕುಳಿತಾಗ ಕೈಗಳು ಮಾಡಿದ್ದನ್ನಷ್ಟೇ ಅಲ್ಲದೆ ಮನಸ್ಸು ಮಾಡಿದ್ದನ್ನೂ ನೆನೆಯೋಣ.