ಕಂಪ್ಯೂಟರಿನ ಮನೆ ನಂಬರು

ಮಕ್ಕಳೇ, ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ಸಿಕ್ಕಿವೆ. ಆಗ ಊರಿನ ಹೆಸರು ಪಲಾಶಿಕಾ. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟಾಗ, ಅದು ಯಾವ ಗ್ರಾಮದ ಯಾವ ಹೊಲ ಎಂದು ಹೆಸರು ಹಿಡಿದು ಬರೆಸಿದ್ದಾನೆ. ಕೊಟ್ಟದ್ದು ಸರಿಯಾಗಿ ಮುಟ್ಟಬೇಕಾದರೆ ಗುರುತು ಖಚಿತವಾಗಿರಬೇಕು. ಟಪಾಲಿಗೆ 1972ರಲ್ಲಿ 6 ಅಂಕಿಯ ಪಿನ್ ಕೋಡ್ ಬಂತು. ಬ್ಯಾಂಕ್ ಶಾಖೆಗೆ 11 ಅಕ್ಷರ-ಅಂಕಿಗಳ ಐಎಫ್‌ಎಸ್‌ಸಿ ಇದೆ. ಕಂಪ್ಯೂಟರಿಗೆ ಇರುವುದು ಐಪಿ ವಿಳಾಸ.

ಇದರಲ್ಲಿ ನಾಲ್ಕು ಸಂಖ್ಯೆಗಳು, ನಡುವೆ ಚುಕ್ಕಿ. ಪ್ರತಿ ಸಂಖ್ಯೆಯೂ 0ಯಿಂದ 255ರ ಒಳಗೆ. ಉದಾಹರಣೆಗೆ 192.168.1.5. ಲೆಕ್ಕ ಹಾಕಿ: 256ನ್ನು ನಾಲ್ಕು ಸಲ ಗುಣಿಸಿದರೆ ಸುಮಾರು 430 ಕೋಟಿ. ಜಗತ್ತಿನ ಜನಸಂಖ್ಯೆಗೇ ಇದು ಸಾಲದು! ಅದಕ್ಕೇ ಅಕ್ಷರವೂ ಬೆರೆತ, ಉದ್ದನೆಯ ಹೊಸ ಮಾದರಿಯ ವಿಳಾಸಗಳೂ ಬಂದಿವೆ.

ಹುಡುಕುವುದು ಹೇಗೆ?

1. ವಿಂಡೋಸ್ ಕಂಪ್ಯೂಟರಿನಲ್ಲಿ ಸ್ಟಾರ್ಟ್ ಒತ್ತಿ ಸಿ, ಎಂ, ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ.
2. ಅದರಲ್ಲಿ ಐ, ಪಿ, ಸಿ, ಓ, ಎನ್, ಎಫ್, ಐ, ಜಿ ಎಂಬ ಎಂಟು ಅಕ್ಷರಗಳನ್ನು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ.
3. 'ಐಪಿವಿ4 ಅಡ್ರೆಸ್' ಎಂಬ ಸಾಲಿನ ಮುಂದೆ ಇರುವುದೇ ನಿಮ್ಮ ವಿಳಾಸ.

ಮೊಬೈಲಿನಲ್ಲಾದರೆ ಸೆಟ್ಟಿಂಗ್ಸ್‌ನ ವೈಫೈ ವಿಭಾಗದಲ್ಲಿ ನಿಮ್ಮ ಮನೆಯ ವೈಫೈ ಹೆಸರನ್ನು ಒತ್ತಿ ನೋಡಿ. ವಿಳಾಸ 169.254 ಎಂದು ಶುರುವಾದರೆ ಕಂಪ್ಯೂಟರಿಗೆ ರೌಟರಿನಿಂದ ನಂಬರು ಸಿಕ್ಕಿಲ್ಲವೆಂದು ಅರ್ಥ. ರೌಟರ್ ಆರಿಸಿ ಮತ್ತೆ ಹಚ್ಚಿ.

ಹಳೆಯ ವಾಡೆಗೆ ಹೆಬ್ಬಾಗಿಲು ಒಂದೇ, ಒಳಗೆ ಕೋಣೆ ಹತ್ತು. ಹೀಗೆ ಕಂಡ 192.168ರ ನಂಬರು ಒಳಗಿನ ಕೋಣೆಯದು. ಪಕ್ಕದ ಮನೆಯಲ್ಲೂ ಅದೇ ಇರಬಹುದು. ಹೆಬ್ಬಾಗಿಲಿನ ನಂಬರು ಬೇರೆ. ಇಂಟರ್‌ನೆಟ್ ಒದಗಿಸುವವರು ಅದನ್ನು ಕೊಡುತ್ತಾರೆ, ಆಗಾಗ ಬದಲಿಸುವುದೂ ಉಂಟು.

ಈಗ ಅಜ್ಜ-ಅಜ್ಜಿಯರಿಗೆ ಒಂದು ಮಾತು. "ನಿಮ್ಮ ಐಪಿ ವಿಳಾಸದಿಂದ ಅಪರಾಧ ನಡೆದಿದೆ, ನಾವು ಪೊಲೀಸರು, ವಿಡಿಯೋ ಕರೆ ಕಟ್ ಮಾಡಬೇಡಿ, ಹಣ ಕಳಿಸಿ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಐಪಿ ವಿಳಾಸವೊಂದರಿಂದಲೇ ಯಾರೂ ನಿಮ್ಮ ಖಾತೆಯ ಹಣ ತೆಗೆಯಲಾರರು. ಕಳ್ಳನಿಗೆ ಬೇಕಾದದ್ದು ನಿಮ್ಮ ಓಟಿಪಿ, ನಿಮ್ಮ ಪಿನ್, ನಿಮ್ಮ ಹೆದರಿಕೆ. ಮೂರನ್ನೂ ಕೊಡಬೇಡಿ. ಫೋನ್ ಇಟ್ಟು ಮನೆಯವರಿಗೆ ಹೇಳಿ. ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಜಾರುತ್ತದೆ.

ಈ ವಾರದ ಕೆಲಸ: ಮೊಮ್ಮಕ್ಕಳು ಅಜ್ಜ-ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ವೈಫೈಗೆ ಸೇರಿದ ಕಂಪ್ಯೂಟರ್, ಮೊಬೈಲ್‌ಗಳ ಒಳವಿಳಾಸ ಬರೆದುಕೊಳ್ಳಿ. ಯಾವ ಸಂಖ್ಯೆಗಳು ಒಂದೇ, ಯಾವುದು ಬೇರೆ? ಉತ್ತರವನ್ನು ಅಜ್ಜ-ಅಜ್ಜಿಯರೇ ಹೇಳಲಿ. ಜೊತೆಗೆ 1930 ಎಂಬ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ.