ವಿಲನ್ ಓರ್ಕಾ ಅಲ್ಲ ಮಗಾ

ಮೊನ್ನೆ ರಾತ್ರಿ ಹಾಸ್ಟೆಲ್ ರೂಮಲ್ಲಿ ಐದು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ಡಾಕ್ಯುಮೆಂಟರಿ ನೋಡ್ತಾ ಇದ್ವಿ. ಓರ್ಕಾಗಳ ಗುಂಪೊಂದು ತಿಮಿಂಗಿಲವನ್ನ ಸುತ್ತುವರಿದು, ಸುಸ್ತು ಮಾಡಿ, ಮೇಲೆ ಬಿದ್ದು ಮುಳುಗಿಸುತ್ತೆ. "ಥೂ, ಎಂಥಾ ಕ್ರೂರಿ!" ಅಂದ ರೂಮ್‌ಮೇಟ್. ಹೆಸರೇ ಕಿಲ್ಲರ್ ವೇಲ್ ಅಂತ ಇಟ್ಟಮೇಲೆ ಇನ್ನೇನು ಹೇಳ್ತಾನೆ? ನನಗಂತೂ ಆ ಮಾತು ಒಪ್ಪಿಗೆಯಿಲ್ಲ.

ಓರ್ಕಾ ಡಾಲ್ಫಿನ್ ಕುಟುಂಬದಲ್ಲೇ ಅತಿ ದೊಡ್ಡ ಪ್ರಾಣಿ. ಅಂಟಾರ್ಕ್ಟಿಕಾದಲ್ಲಿ ಮಿಂಕೆ ತಿಮಿಂಗಿಲಗಳನ್ನ ಬೇಟೆಯಾಡುತ್ತೆ. ಆರ್ಕ್ಟಿಕ್‌ನಲ್ಲಿ ನಾರ್ವಾಲ್, ಬೆಲುಗಾ, ಬೋಹೆಡ್‌ಗಳನ್ನ. ಹಸಿವಾದ್ರೆ ತಿನ್ನುತ್ತೆ, ಅಷ್ಟೇ. ಮೆಸ್‌ನಲ್ಲಿ ಚಿಕನ್ ಇರೋ ದಿನ ನಮ್ಮ ಕ್ಯೂ ನೋಡಿದ್ದೀರಲ್ಲ.

ನಿಜಕ್ಕೂ ನೋಡಬೇಕಾದ್ದು ಬೆನ್ನಿನ ಮೇಲಿನ ಈಜುರೆಕ್ಕೆ. ಗಂಡು ಓರ್ಕಾದ್ದು ಸುಮಾರು 1.8 ಮೀಟರ್‌ವರೆಗೂ ಎತ್ತರ ಬೆಳೆಯುತ್ತೆ. ನಾರ್ವಾಲ್, ಬೆಲುಗಾ, ಬೋಹೆಡ್ ಮೂರಕ್ಕೂ ಅದು ಇಲ್ಲ. ಹಾಗಾಗಿ ಮಂಜುಗಡ್ಡೆಗೆ ಬೆನ್ನು ಒತ್ತಿಕೊಂಡೇ ಸಾಗಬಹುದು, ಬಿರುಕು ಸಿಕ್ಕಲ್ಲಿ ಉಸಿರು ತಗೋಬಹುದು. ಬೋಹೆಡ್ ತಲೆಯಿಂದಲೇ ಗುದ್ದಿ ಮಂಜು ಒಡೆಯುತ್ತೆ. ಓರ್ಕಾ ಮಾತ್ರ ದಟ್ಟ ಮಂಜಿನೊಳಗೆ ನುಗ್ಗಲ್ಲ, ಸಿಕ್ಕಿಹಾಕಿಕೊಂಡ್ರೆ ಸಾವೇ. ಅಂದ್ರೆ ಈ ಮೂರಕ್ಕೂ ಮಂಜುಗಡ್ಡೆಯೇ ಕೋಟೆ. ಆ ಕೋಟೆ ಈಗ ಕರಗ್ತಾ ಇದೆ. ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ ಹಿಂದೆ ಅಪರೂಪವಾಗಿದ್ದ ಓರ್ಕಾ ಈಗ ಪದೇ ಪದೇ ಕಾಣಿಸುತ್ತೆ.

ಕೆನಡಾದಲ್ಲೇ, ಇನ್ನೂ ಉತ್ತರಕ್ಕೆ, ನಾರ್ವಾಲ್ ಮತ್ತು ಓರ್ಕಾ ಎರಡಕ್ಕೂ ಉಪಗ್ರಹ ಟ್ಯಾಗ್ ಹಾಕಿ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯ್ತು. ಓರ್ಕಾ ಆ ಕಡಲಚಾಚಿಗೆ ಬಂದಿದ್ದಷ್ಟು ದಿನ, ದಾಳಿ ನಡೆಯದಿದ್ದಾಗಲೂ, ನಾರ್ವಾಲ್‌ಗಳು ದಡಕ್ಕೆ ಅಂಟಿಕೊಂಡೇ ಇದ್ದವು, 500 ಮೀಟರ್ ಒಳಗೆ. ತಮಾಷೆ ಅಂದ್ರೆ, ಅಲ್ಲಿನ ಇನುಯಿಟ್ ಬೇಟೆಗಾರರಿಗೆ ಇದು ಹೊಸ ವಿಷಯವೇ ಅಲ್ಲ. ಈ ಭಯಕ್ಕೆ ಅವರ ಭಾಷೆಯಲ್ಲಿ ಒಂದು ಪದವೇ ಇದೆ: ಆರ್ಲಿರಿಜುಕ್. 2012ರಲ್ಲಿ ಬಂದ ಇನ್ನೊಂದು ಅಧ್ಯಯನಕ್ಕಾಗಿ ವಿಜ್ಞಾನಿಗಳು 11 ಊರುಗಳಲ್ಲಿ ಅವರನ್ನ ಸಂದರ್ಶನ ಮಾಡಿ, ಓರ್ಕಾ ಏನು ತಿನ್ನುತ್ತೆ, ಹೇಗೆ ಹಿಡಿಯುತ್ತೆ ಅಂತ ದಾಖಲಿಸಿದರು. ಸೆನ್ಸರ್‌ನಿಂದ ಬಂದದ್ದು ಮಾತ್ರ ಡೇಟಾ ಅನ್ನೋ ನಮ್ಮಂಥೋರು ಆ ಪೇಪರ್ ಒಮ್ಮೆ ಓದಬೇಕು. ನಾರ್ವಾಲ್ ಆ ಜನರಿಗೂ ಊಟ, ಅದು ಬೇರೆ ಮಾತು.

ರೂಮ್‌ಮೇಟ್‌ಗೆ ಇಷ್ಟೆಲ್ಲ ಹೇಳಿದೆ. "ಹಾಗಾದ್ರೆ ಬೈಯೋದು ಯಾರನ್ನ?" ಅಂದ. ಮಂಜು ಕರಗಿಸಿದ ಹೊಗೆಯಲ್ಲಿ ನಮ್ಮಿಬ್ಬರ ಪಾಲು ಚಿಕ್ಕದೇ. ಆದರೆ ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಯಾವುದಾದ್ರೂ ತೈಲ ಕಂಪನಿ ಬಂತು ಅಂದ್ರೆ ಮೊದಲು ರೆಸ್ಯೂಮೆ ಕಳಿಸೋನು ಅವನೇ. ಎರಡನೆಯವನು ನಾನು.